ಬಿಸಿಲಿಗಿಟ್ಟ ಕೊರಡು

ಹೆಮ್ಮಾಡಿಯಲ್ಲಿ ಅಕ್ಕ ಮೀನು ಮಾರುತ್ತಿದ್ದ ವರ್ಷಗಳಲ್ಲಿ ಅವಳ ನಿಜವಾದ ಆಸ್ತಿ ಒಂದು ಹುಣಸೆ ಕೊರಡು. ಮರವನ್ನು ಅಡ್ಡಕ್ಕೆ ಕೊಯ್ದು ಮಾಡಿದ, ಎರಡು ಕೈಯಲ್ಲಿ ಎತ್ತಬೇಕಾದ ದುಂಡು ದಿಮ್ಮಿ. ಅಂಜಲ್ ಮೀನನ್ನು ಅದರ ಮೇಲಿಟ್ಟು ಅವಳು ಕಡಿದರೆ ಒಂದು ತುಂಡೂ ಒಡೆಯುತ್ತಿರಲಿಲ್ಲ. ಗಿರಾಕಿಗಳು ಬೇರೆ ಬುಟ್ಟಿಗಳನ್ನು ದಾಟಿ ಅವಳಲ್ಲಿಗೆ ಬರುತ್ತಿದ್ದುದು ಅದಕ್ಕಾಗಿಯೇ.

ಸಂಜೆ ಅವಳು ಕತ್ತಿಯ ಬೆನ್ನಿನಿಂದ ಕೊರಡನ್ನು ಹೆರೆದು, ಕಲ್ಲುಪ್ಪು ತಿಕ್ಕಿ, ತಣ್ಣೀರಲ್ಲಿ ತೊಳೆದು, ಬಾವಿಯ ಹಿಂದಿನ ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿ ಇಡುತ್ತಿದ್ದಳು. ಈ ಗೋಣಿಯ ವಿಚಾರದಲ್ಲಿ ನನಗೆ ಬಹುಕಾಲದ ತಕರಾರು. ಶಾಲೆಯನ್ನು ಬೇಗ ಬಿಟ್ಟರೂ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದವನು ನಾನು. ತೇವ ಮರವನ್ನು ಕೊಳೆಸುತ್ತದೆ ಎಂಬುದು ನನಗೆ ಖಚಿತವಿತ್ತು. ಕೊರಡಿನ ಅಂಚಿನಲ್ಲಿ ಕಪ್ಪು ಬೂಷ್ಟು ಬೇರೆ ಕಂಡಿತ್ತು.

ಮಗಳ ಹೆರಿಗೆಗೆಂದು ಅಕ್ಕ ಬ್ರಹ್ಮಾವರಕ್ಕೆ ಹೊರಟಾಗ ಕಡು ಬೇಸಿಗೆ.

"ಗೋಣಿ ಒಣ್ಗುಕೆ ಬಿಡ್ಬೇಡ. ಒಣ್ಗಿದ್ ಕೊರ್ಡ್ ಕತ್ತಿ ಕುಡಿತ್ತ್," ಎಂದಳು.

"ಮರ ಕತ್ತಿ ಕುಡುದಾ? ಯಾರ್ ಹೇಳದ್?"

"ಅಬ್ಬಿ ಹೇಳದ್."

"ಅಬ್ಬಿಗ್ ಯಾರ್ ಹೇಳದ್?"

"ಹ್ವಾಯ್ ಪಂಡಿತ್ರೆ, ನೀರ್ ಹಾಕಿ, ಸಾಕ್. ವಿಚಾರ್ಣಿ ಬ್ಯಾಡ."

ತಾಯಿ ಹೇಳಿದ್ದೆಲ್ಲ ಸತ್ಯವಾಗಬೇಕಿಲ್ಲ ಎಂದುಕೊಂಡು, ಅವಳ ಬಸ್ಸು ಹೋದ ಮರುದಿನವೇ ಗೋಣಿ ತೆಗೆದೆ. ನಮ್ಮ ಅಡುಗೆಮನೆಯ ತರಕಾರಿ ಹೆಚ್ಚುವ ಹಲಸಿನ ಹಲಗೆಯನ್ನು ತಿಂಗಳಿಗೊಮ್ಮೆ ಬಿಸಿಲು ತೋರಿಸಿ ಕೊಬ್ಬರಿ ಎಣ್ಣೆ ಸವರಿ ನಾನೇ ಕಾಪಾಡಿದ್ದೆ. ಅದು ವರ್ಷಗಳಿಂದ ಗಟ್ಟಿಯಾಗಿತ್ತು. ಹಲಗೆಗೆ ಸಲ್ಲುವುದು ಕೊರಡಿಗೂ ಸಲ್ಲಬೇಕು. ಬೂಷ್ಟು ಕೆರೆದು, ಎಣ್ಣೆ ಸವರಿ, ಕೆಂಪುಕಲ್ಲಿನ ಗೋಡೆಗೆ ಒರಗಿಸಿ ಬಿಸಿಲಿಗಿಟ್ಟೆ.

ಮೂರನೆಯ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ಅಂಗಳದಲ್ಲಿ ಕಾಯಿ ಒಡೆದಂಥ ಸದ್ದು. ನಡುವಿನಿಂದ ಅಂಚಿನವರೆಗೆ ಬೆರಳು ತೂರುವಷ್ಟು ಸೀಳು ಬಿಟ್ಟಿತ್ತು.

ಆಮೇಲೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಹಾಲಾಡಿಯ ಒಬ್ಬ ಬಡಗಿಯ ಬಳಿ ಹೊಸ ಕೊರಡಿಗೆ ಓಡಿದೆ.

"ಹುಣ್ಸಿ ದಿಮ್ಮಿ ಇತ್ತ್. ಆರೆ ಇವತ್ ಕೊಯ್ದ್ ನಾಳಿ ಮೀನ್ ಕಡುಕ್ ಆತಿಲ್ಲೆ, ಎರಡ್ ಮಳಿಗಾಲ ನೆರಳಂಗೆ ಇರ್ಕ್. ಅಲ್ಲ, ಅದನ್ ಬಿಸ್ಲಿಗ್ ಇಟ್ಟ ಪುಣ್ಯಾತ್ಮ ಯಾರ್?"

"ನೆರೆಮನೆಯವ," ಎಂದೆ.

ಉದ್ದಕ್ಕೆ ಸೀಳಿದ ಹಲಗೆ ಬೇರೆ, ಅಡ್ಡಕ್ಕೆ ಕೊಯ್ದ ಕೊರಡು ಬೇರೆ ಎಂದು ಅವನೇ ತಿಳಿಸಿದ. ಅಡ್ಡ ಕೊಯ್ದ ಮೈಯಿಂದ ತೇವ ಬಲುಬೇಗ ಆರುತ್ತದೆ. ಅಂಚು ಕುಗ್ಗುತ್ತದೆ, ಒಳಗು ಕುಗ್ಗದು, ನಡುವೆ ಸೀಳುತ್ತದೆ. ನಾನು ಓದಿದ್ದರಲ್ಲಿ ಇದಿರಲಿಲ್ಲ. ಅಥವಾ ಇದ್ದ ಪುಟವನ್ನು ನಾನು ಮಗುಚಿರಲಿಲ್ಲ.

ಮನೆಗೆ ಬಂದು ಮತ್ತೆ ಒದ್ದೆ ಗೋಣಿ ಹೊದಿಸಿದೆ. ಗಳಿಗೆಗೊಮ್ಮೆ ಎದ್ದು ನೀರು ಹನಿಸುವುದು, ಗೋಣಿ ಎತ್ತಿ ಸೀಳಿಗೆ ಕಡ್ಡಿ ತೂರಿಸಿ ನೋಡುವುದು, ಮತ್ತೆ ಹನಿಸುವುದು. ವಾರದಲ್ಲಿ ಬೆರಳಿನ ಸೀಳು ಕೂದಲೆಳೆಗೆ ಬಂತು. ಪೂರ್ತಿ ಮುಚ್ಚಲಿಲ್ಲ.

ಹಿಂದಿರುಗಿದ ಅಕ್ಕ ಕೊರಡಿನ ಮೇಲೆ ಹೆಬ್ಬೆರಳ ಉಗುರು ಓಡಿಸಿದಳು. ಸೀಳಿನಲ್ಲಿ ಉಗುರು ನಿಂತಿತು.

"ಅಬ್ಬಿಗ್ ಯಾರ್ ಹೇಳದ್ ಅಂದ್ ಗೊತ್ತಾಯ್ತಾ?" ಎಂದಷ್ಟೇ ಕೇಳಿದಳು.

ಮರುದಿನ ಮಾರುಕಟ್ಟೆಯಲ್ಲಿ ಕತ್ತಿ ಸೀಳಿಗೆ ಸಿಕ್ಕಿ ಅಂಜಲಿನ ಮೊದಲ ತುಂಡೇ ಒಡೆಯಿತು. ಕೊಳ್ಳಲು ನಿಂತಿದ್ದ ಹೆಂಗಸು ಪಕ್ಕದ ಬುಟ್ಟಿಗೆ ಸರಿದಳು. ಅಕ್ಕ ಕೊರಡನ್ನು ತಿರುಗಿಸಿ ಸೀಳನ್ನು ತನ್ನ ಮೊಣಕಾಲಿನ ಕಡೆಗೆ ತಂದುಕೊಂಡು, ಉಳಿದ ಅರ್ಧದ ಮೇಲೆ ಕಡಿಯತೊಡಗಿದಳು. ಆಮೇಲಿನ ವರ್ಷಗಳಲ್ಲೆಲ್ಲ ಆ ಅರ್ಧದ ಮೇಲೆಯೇ ಕಡಿದಳು.

ಮರ ಕತ್ತಿಯನ್ನು ಕುಡಿಯುತ್ತದೆ ಎಂಬುದನ್ನು ನಾನು ಈಗಲೂ ಒಪ್ಪುವುದಿಲ್ಲ. ತಾಯಿಯ ಕಾರಣ ತಪ್ಪು, ಗೋಣಿ ಸರಿ. ಆದರೆ ಇದನ್ನು ಅಕ್ಕನಿಗೆ ಹೇಳುವ ಯೋಗ್ಯತೆ ನನಗೆ ಉಳಿದಿರಲಿಲ್ಲ.

ಅದೇ ಬೇಸಿಗೆಯಲ್ಲಿ, ಮಗಳ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಅವಳು ಮತ್ತೆ ಬ್ರಹ್ಮಾವರಕ್ಕೆ ಹೊರಟಳು. ಗೋಣಿಯಲ್ಲಿ ಸುತ್ತಿದ ಕೊರಡೂ ಹೊರಟಿತು.

"ಎಂತ ಅಕ್ಕ ಇದ್, ನೀರ್ ಸೋರತ್ತಲ್ಲೆ?" ಎಂದ ಕಂಡಕ್ಟರ್.

"ಮೀನ್ ಕಡು ಕೊರ್ಡ್ ಮಾರಾಯ. ಮನಿಯಂಗ್ ಬಿಟ್ ಹೋಪುಕ್ ಆತಿಲ್ಲೆ. ಅಲ್ಲೊಬ್ಬ ಓದ್ದವ ಇದ್ದ."

ಬಸ್ಸಿನ ಮೆಟ್ಟಿಲ ಮೇಲೆ ಅದನ್ನು ಎತ್ತಿಕೊಟ್ಟವನು ನಾನೇ. ಮನೆಗೆ ನಡೆಯುವಾಗ ಅಂಗಿಯ ಎದೆ ಒದ್ದೆಯಾಗಿ ತಣ್ಣಗಿತ್ತು. ಬಾವಿಯ ಹಿಂದಿನ ಖಾಲಿ ನೆರಳನ್ನು ಆ ದಿನ ಎಷ್ಟು ಸಲ ಎದ್ದು ನೋಡಿ ಬಂದೆನೋ.