ಬುಗುರಿಯ ಕೈಗೆ ಸಿಕ್ಕ ಕನ್ನಡಕ

ನನ್ನ ನಾದಿನಿಗೆ ಬುಗುರಿ ಎಂದು ಹೆಸರಿಟ್ಟವರು ನನ್ನ ಯಜಮಾನರೇ. ತಂಗಿ ಒಂದು ಕಡೆ ಕೂತದ್ದನ್ನು ಅವರು ಕಂಡಿರಲಿಲ್ಲ. ಊಟಕ್ಕೆ ಕೂತರೂ ತುತ್ತು ಬಾಯಲ್ಲಿರುವಾಗಲೇ ಎದ್ದು ಕಿಟಕಿ ಹಾಕಿ ಬರುವವಳು. ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ. ಸಿದ್ಧವಾದ ಕನ್ನಡಕಕ್ಕೆ ‘ಹಾ’ ಎಂದು ಉಸಿರು ಬಿಟ್ಟು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಗಿರಾಕಿಯ ಮೂಗಿನ ಮೇಲೆ ಕೂರಿಸಬೇಕು. ನಮ್ಮ ಮನೆಗೆ ಬಂದರೂ ಗಡಿಯಾರ, ಕನ್ನಡಿ, ನೀರಿನ ಲೋಟ, ಕೈಗೆ ಸಿಕ್ಕಿದ್ದಕ್ಕೆಲ್ಲ ಹಾ.

ಇಂಥವಳಿಗೆ ಈ ವಯಸ್ಸಿನಲ್ಲಿ ಫೋಟೋ ಹುಚ್ಚು ಹಿಡಿಯಿತು. ಅದೂ ಎಂಥ ಫೋಟೋ! ಉಪ್ಪಿನ ಹರಳು, ಗುಂಡುಸೂಜಿಯ ತಲೆ, ಗುಂಡಿಯ ತೂತಿನೊಳಗಿನ ದಾರ. ಅಂಚು ಒಡೆದ ದಪ್ಪ ಗಾಜೊಂದನ್ನು ಅಂಗಡಿಯಿಂದ ಕೇಳಿ ತಂದು, ಫೋನಿನ ಕಣ್ಣಿಗೆ ಅಂಟಿಸಿಕೊಂಡಿದ್ದಳು.

“ನೋಡಿ ಅತ್ತಿಗೆ, ಇರುವೆ.”

“ಇದು ಹೊಗೆ ಕಣೇ.”

“ಓಡ್ಬಿಡ್ತು ಹಾಳಾದ್ದು.”

“ಓಡಿದ್ದು ಇರುವೆಯೋ, ನೀನೋ?”

ಎಲ್ಲವೂ ಮಸುಕು. ಅಷ್ಟು ಹತ್ತಿರದಿಂದ ತೆಗೆಯುವಾಗ ಕೂದಲೆಳೆಯಷ್ಟು ಅಲುಗಿದರೂ ಕೆಟ್ಟಿತಂತೆ. ಇವಳು ಉಸಿರು ಬಿಗಿಹಿಡಿದರೆ ಮೊಣಕಾಲು ಕುಣಿಯುತ್ತಿತ್ತು.

ಈ ಒದ್ದಾಟವೆಲ್ಲ ಯಾಕೆಂದು ಆಮೇಲೆ ತಿಳಿಯಿತು. “ಅಣ್ಣನ ಕನ್ನಡಕ ಕೊಡಿ,” ಎಂದಳು ಒಂದು ದಿನ, ನಿಂತುಕೊಂಡೇ.

ಯಜಮಾನರು ಗೋಡೆಗೆ ಬಣ್ಣ ಹೊಡೆಯುವವರು. ತೀರಿಹೋಗುವ ಮುನ್ನ ಅವರು ಕೊನೆಗೆ ತೆಗೆದಿಟ್ಟ ಕನ್ನಡಕವನ್ನು ನಾನು ಹಾಗೇ ಡಬ್ಬಿಗೆ ಹಾಕಿದ್ದೆ. ಬಲಗಾಜಿನ ನಡುವೆ ಅವರ ಹೆಬ್ಬೆರಳಿನ ಗುರುತಿತ್ತು. ಬರಬರುತ್ತಾ ಅದು ಮಂಕಾಗುತ್ತಿತ್ತು. ಪೂರ್ತಿ ಹೋಗುವ ಮೊದಲು ಹಿಡಿದಿಡಬೇಕೆಂದು ಅವಳಿಗೆ ತಳಮಳ. ನನಗೂ ಅದೇ ತಳಮಳ, ಆದರೆ ಅವಳ ಕೈಗೆ ಕೊಡುವ ಧೈರ್ಯ ಬರಲಿಲ್ಲ.

“ಮಸುಕಿಲ್ಲದ್ದು ಒಂದು ತೆಗೆದು ತೋರಿಸು, ಕೊಡ್ತೀನಿ.”

ಹಠ ಹಿಡಿದು ಕಲಿತಳು. ಫೋನನ್ನು ಎರಡು ಲೋಟಗಳ ಮೇಲೆ ಅಡ್ಡ ಮಲಗಿಸಿ, ಕೆಳಗಿಟ್ಟ ವಸ್ತುವಿನಡಿಗೆ ರಟ್ಟಿನ ತುಂಡು ತುರುಕುತ್ತಾ ಎತ್ತರ ಹೊಂದಿಸಿದಳು. ಗುಂಡಿ ಒತ್ತಿ ತುಸು ಹೊತ್ತಾದ ಮೇಲೆ ಫೋನು ತಾನಾಗಿಯೇ ಫೋಟೋ ತೆಗೆಯುತ್ತದಂತೆ. ಅಷ್ಟರಲ್ಲಿ ಇವಳು ಅಡುಗೆಮನೆ ಸುತ್ತಿ ಬರಬಹುದು! ಒಂದು ಮಧ್ಯಾಹ್ನ ಉಪ್ಪಿನ ಹರಳು ಮೂಲೆಮೂಲೆಯೂ ಕಾಣುವಂತೆ ಬಂತು. ಕೊಟ್ಟ ಮಾತು, ಡಬ್ಬಿ ತೆಗೆದೆ.

ಟಾರ್ಚನ್ನು ಓರೆಯಾಗಿ ಹಿಡಿದಳು. ಗುಂಡಿ ಒತ್ತುವ ಮೊದಲೇ ಬೆರಳಿನ ಗೆರೆಗಳು ಫೋನಿನ ಪರದೆಯಲ್ಲಿ ಎದ್ದು ಬಂದವು. ಗೋಡೆ ಕೆರೆಯುವ ಅಲಗು ಕೊಯ್ದಿದ್ದ ಗಾಯದ ಗೆರೆಯೂ ಅಡ್ಡಕ್ಕೆ ಕಂಡಿತು. ಅದರ ಪಕ್ಕ ಧೂಳಿನ ಕಣವೊಂದು ಬಂಡೆಯ ಹಾಗೆ ಕೂತಿತ್ತು.

“ಥೂ, ಧೂಳು!” ಎಂದವಳೇ ಕನ್ನಡಕ ಎತ್ತಿದಳು. ನಾನು “ಏಯ್” ಎನ್ನುವಷ್ಟರಲ್ಲಿ ಹಾ ಎಂದು ಒರೆಸಿಯಾಗಿತ್ತು.

ಬಲಗಾಜು ಫಳಫಳ.

ಬುಗುರಿ ನಿಂತಿತು. ಅವಳ ಮೊಣಕಾಲೂ ಅಲುಗಲಿಲ್ಲ. ಬೈಯಲು ಬಾಯಿ ತೆರೆದೆ, ಬಂದ ಮಾತೇ ಬೇರೆ.

“ಇದ್ದಾಗಲೂ ಅಷ್ಟೇ, ಒರೆಸೋಕೆ ನನ್ನ ಕೈಗೆ ಕೊಟ್ಟೋರಲ್ಲ. ನಮ್ಮ ಬುಗುರಿ ಬರ್ಲಿ ಇರು ಅಂತಿದ್ರು.”

ಅವಳು ಬಿಕ್ಕತೊಡಗಿದಳು. ಈಗ ಸುಮ್ಮನೆ ಕೂರಲಾಗದ್ದು ನನಗೆ. ಕನ್ನಡಕ ಕಿತ್ತುಕೊಂಡು ಟಾರ್ಚಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಎಡಗಾಜಿನ ಅಂಚಿನಲ್ಲಿ ಅದೇ ಹೆಬ್ಬೆರಳು, ಕಾಲುಭಾಗದಷ್ಟು.

“ಲೇ, ಇಲ್ಲೊಂದಿದೆ! ಮೊದ್ಲು ಆ ಬಟ್ಟೆ ಕೊಡು ಇಲ್ಲಿ.”

ಕೊಟ್ಟಳು. ಅದರ ಮೇಲೆ ಕೂತೆ. “ಬಾಯಿ ಮುಚ್ಚು. ಉಸಿರು ಬಿಟ್ಟೀಯ, ಜೋಕೆ!”

“ಸತ್ತೋಗ್ತೀನಿ ಅತ್ತಿಗೆ!”

“ಫೋಟೋ ಆದ್ಮೇಲೆ ಸಾಯುವಂತೆ.”

ಕನ್ನಡಕವನ್ನು ನಾನೇ ಇಟ್ಟು ಟಾರ್ಚನ್ನು ಓರೆಯಾಗಿ ಹಿಡಿದೆ. ಅವಳು ಕೆನ್ನೆ ಉಬ್ಬಿಸಿಕೊಂಡು ರಟ್ಟು ಸರಿಸಿದಳು, ಗುಂಡಿ ಒತ್ತಿದಳು, ಅಡುಗೆಮನೆಗೆ ಓಡಿದಳು.

ಬಂತು. ಬಿಲ್ಲಿನಂತೆ ಬಾಗಿದ ನಾಲ್ಕಾರು ಗೆರೆ, ಗಾಯದ ತುದಿ, ಫ್ರೇಮಿನ ಮೇಲೆ ತಟ್ಟೆಯಷ್ಟಗಲ ಕಾಣುವ ಬಿಳಿ ಬಣ್ಣದ ಹನಿ. ಇಡೀ ಬೆರಳಲ್ಲ. ಆದರೂ ಅವರದೇ.

“ಇನ್ನೊಂದು ತೆಗೀಲಾ? ಇನ್ನೂ ಹತ್ರ ಹೋಗ್ಲಾ?” ಆಗಲೇ ಅವಳ ಕೈ ಮುಂದೆ ಬಂದಿತ್ತು.

ಡಬ್ಬಿಯ ಮುಚ್ಚಳ ಹಾಕಿದೆ. ಕೂತಿದ್ದ ಬಟ್ಟೆ ಎಳೆದು ಅವಳತ್ತ ಎಸೆದೆ. “ಕೈ ಕಡೀತಿದ್ರೆ ನಿನ್ನ ಫೋನು ಒರೆಸ್ಕೋ.”

ಫೋನಿನ ಗಾಜಿಗೆ ಹಾ ಎಂದು ಉಸಿರು ಬಿಟ್ಟು ಗಸಗಸ ಒರೆಸಿದಳು. ಇಬ್ಬರೂ ಬಗ್ಗಿ ನೋಡಿದೆವು. ಗೆರೆಗಳು ಅಲ್ಲೇ ಇದ್ದವು.