ಭಾವ ಬೋಳಿಸಿದ ಇಳಿಜಾರು

ನಮ್ಮಕ್ಕ ಜೂರಾಳ ಗಂಡ ಅಬ್ದಿಕಾಪರ್ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ನೀವು ನನ್ನ ಮಾತು ನಂಬಲಿಕ್ಕಿಲ್ಲ.

ಸೋವಿಯತ್ ಕಾಲದಲ್ಲಿ ಅವರು ಓಶ್ ಪಟ್ಟಣದಿಂದ ಬೆಟ್ಟದ ಮೇಲಿನ ನಮ್ಮೂರು ಮುರ್ಗಾಬ್‌ಗೆ ಕಲ್ಲಿದ್ದಲು ತರುತ್ತಿದ್ದ ಲಾರಿ ಡ್ರೈವರ್. ಲಾರಿ ಊರೊಳಗೆ ಬಂತೆಂದರೆ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು. "ನಿಮ್ಮನ್ನ ನೋಡೋಕಲ್ಲ ಭಾವ, ಕಲ್ಲಿದ್ದಲು ನೋಡೋಕೆ" ಎಂದು ನಾನು ಕಿಚಾಯಿಸುತ್ತಿದ್ದೆ. ಭಾವನನ್ನು ಗೋಳುಹೊಯ್ದುಕೊಳ್ಳುವ ಹಕ್ಕು ನಮ್ಮಲ್ಲಿ ನಾದಿನಿಗಿದೆ. ನಾನು ಅದನ್ನು ಒಂದು ದಿನವೂ ಬಿಟ್ಟುಕೊಟ್ಟವಳಲ್ಲ.

ಸೋವಿಯತ್ ಹೋಯಿತು, ಕಲ್ಲಿದ್ದಲೂ ನಿಂತಿತು. ನಮ್ಮ ಎತ್ತರದಲ್ಲಿ ಮರ ಬೆಳೆಯುವುದಿಲ್ಲ. ಬೆಳೆಯುವುದು ತೆರೆಸ್ಕೆನ್ ಪೊದೆ. ಮೇಲೆ ಮೊಣಕಾಲೆತ್ತರದ ಬೂದು ಕಡ್ಡಿ, ಕೆಳಗೆ ತೋಳುದಪ್ಪ ಬೇರು. ಬೇರು ಚೆನ್ನಾಗಿ ಉರಿಯುತ್ತದೆ. ಭಾವ ಲಾರಿಗೆ ಗುದ್ದಲಿ ಹಾಕಿಕೊಂಡು ಹೊರಟರು. ಊರಿಗೆ ಊರೇ ಹೊರಟಿತ್ತು, ಅವರೊಬ್ಬರೇ ಅಲ್ಲ. ಐದಾರು ವರ್ಷದಲ್ಲಿ ಊರ ಸುತ್ತ ಅರ್ಧ ದಿನ ನಡೆದರೂ ಒಂದು ಕಡ್ಡಿ ಸಿಗದ ಹಾಗಾಯಿತು.

ಅಕ್ಕ ಭಾವ ಇದ್ದದ್ದು ಅದಕ್ಕೂ ಆಚೆ, ಚಳಿಗಾಲದ ದೊಡ್ಡಿಯ ಪಕ್ಕ. ಏಳು ಚಮರಿ ದನಗಳಿದ್ದವು, ಏಳೂ ಅಕ್ಕನವು. ಮನೆ ಹಿಂದೆ ಒಂದು ಇಳಿಜಾರು. ಗಾಳಿ ಅಲ್ಲಿ ಹಿಮ ನಿಲ್ಲಲು ಬಿಡುತ್ತಿರಲಿಲ್ಲ, ಹಾಗಾಗಿ ಉಳಿದೆಡೆಯೆಲ್ಲ ಮೇವು ಹಿಮದಡಿ ಹೂತುಹೋದಾಗಲೂ ಅಲ್ಲಿ ತೆರೆಸ್ಕೆನ್ ಸಿಗುತ್ತಿತ್ತು. ಫೆಬ್ರವರಿಯಲ್ಲಿ ಚಮರಿಗಳು ಬದುಕುತ್ತಿದ್ದದ್ದೇ ಅದರ ಮೇಲೆ.

ಒಂದು ಶರತ್ಕಾಲ ಅಮ್ಮನಿಗೆ ಹುಷಾರಿಲ್ಲವೆಂದು ಅಕ್ಕ ಒಂದು ತಿಂಗಳು ನಮ್ಮ ಮನೆಯಲ್ಲಿದ್ದಳು. ವಾಪಸು ಹೋಗುವಾಗ ನಾನೂ ಜೊತೆಗೆ ಹೋದೆ. ನಮ್ಮಲ್ಲಿ ಮನೆಯ ಯೋಗ್ಯತೆ ಅಳೆಯುವುದು ಮಾಳಿಗೆ ಮೇಲಿನ ಸೌದೆ ನೋಡಿ. ಅವರ ಮಾಳಿಗೆ ಮೇಲೆ ಆಳೆತ್ತರದ ರಾಶಿ ಬಿದ್ದಿತ್ತು. ಭಾವ ಮದುಮಗನ ಹಾಗೆ ಬಾಗಿಲಲ್ಲಿ ನಿಂತಿದ್ದರು.

"ಹೇಗಿದೆ? ಈ ಸಲ ನೀನು ಮನೆಯೊಳಗೆ ಕೋಟು ಬಿಚ್ಚಿಟ್ಟು ಓಡಾಡಬಹುದು."

"ಎಲ್ಲಿಂದ ತಂದ್ರಿ?" ಎಂದಳು ಅಕ್ಕ.

"ಇಲ್ಲೇ, ಹಿಂದುಗಡೆಯಿಂದ. ಡೀಸೆಲ್ ಕೂಡ ಉಳೀತು."

ಅಕ್ಕ ಗಂಟು ಕೆಳಗಿಡದೆ ಹಿತ್ತಲಿಗೆ ಹೋದಳು. ಇಳಿಜಾರು ಕ್ಷೌರ ಮಾಡಿಸಿಕೊಂಡ ಹಾಗಿತ್ತು. ತಿರುಗಿ ಬಂದವಳು ಕೂಗಾಡಲಿಲ್ಲ.

"ರೀ, ನೀವು ತಂದಿರೋದು ಸೌದೆ ಅಲ್ಲ. ನನ್ನ ಹಾಲು, ಬೆಣ್ಣೆ, ಬರೋ ವರ್ಷದ ಕರು. ಎಲ್ಲಾನೂ ಬುಡಸಮೇತ ಕಿತ್ತು ಮಾಳಿಗೆ ಮೇಲೆ ಒಟ್ಟಿದೀರಿ."

"ಎಲ್ಲಾದ್ರೂ ಮೇಯ್ಕೊಳ್ಳುತ್ವೆ ಬಿಡೆ."

"ಎಲ್ಲಿ? ನಿಮ್ಮ ತಲೆ ಮೇಲಾ? ಅಲ್ಲೂ ಏನೂ ಉಳಿದಿಲ್ಲ."

ನಾನು ಶಾಲೆಯಲ್ಲಿ ಪಾಠ ಹೇಳುವವಳು. ಪುಸ್ತಕದಲ್ಲಿ ಹುಲ್ಲು, ಮೊಲ, ನರಿಯ ಚಿತ್ರವಿದೆ, ನಡುವೆ ಬಾಣದ ಗುರುತು. ತಿಂದ ಹತ್ತು ಪಾಲಿನಲ್ಲಿ ಮೈಗೆ ಸೇರಿ ಮುಂದಿನ ಬಾಯಿಗೆ ದಾಟುವುದು ಹೆಚ್ಚುಕಡಿಮೆ ಒಂದು ಪಾಲು, ಉಳಿದದ್ದು ಉಸಿರಿಗೆ, ನಡಿಗೆಗೆ, ಮೈಕಾವಿಗೆ, ಸಗಣಿಗೆ. ಇದನ್ನು ವರ್ಷಕ್ಕೊಮ್ಮೆ ಬಾಯಿಪಾಠ ಮಾಡಿಸುತ್ತಿದ್ದೆ. ನಮ್ಮಕ್ಕ ಅದನ್ನು ಓದದೆಯೇ ಬಲ್ಲಳು. ಪೊದೆಯನ್ನು ನೇರ ಒಲೆಗಿಟ್ಟರೆ ಒಂದು ಸಂಜೆಯ ಬಿಸಿ. ಅದನ್ನೇ ಚಮರಿ ತಿಂದರೆ ಹಾಲು, ಉಣ್ಣೆ, ಕರು, ಕೊನೆಗೆ ಒಲೆಗೆ ಬೆರಣಿ. ಬೇರು ನೆಲದಲ್ಲೇ ಇರುತ್ತದೆ, ಮರುವರ್ಷ ಚಿಗುರಿ ಮತ್ತೆ ಬಿಸಿಲು ಹಿಡಿಯುತ್ತದೆ.

ಆ ಚಳಿಗಾಲ ಅವಳು ಹೇಳಿದ ಹಾಗೆಯೇ ಆಯಿತು. ಚಮರಿಗಳಿಗೆ ಸಿಕ್ಕಿದ ಚೂರುಪಾರು ಮೈ ಬೆಚ್ಚಗಿಡಲಿಕ್ಕೇ ಸಾಲಲಿಲ್ಲ. ಹೊಸವರ್ಷದ ಹೊತ್ತಿಗೆ ಹಾಲು ಬತ್ತಿತು. ಮೇವಿಲ್ಲದ ಮೇಲೆ ಸಗಣಿ ಎಲ್ಲಿಯದು? ಬೆರಣಿ ಇಲ್ಲದೆ ಬೇರಿನ ರಾಶಿ ಎರಡು ಪಟ್ಟು ಬೇಗ ಕರಗಿತು. ಚಳಿಗಾಲದಲ್ಲಿ ಆ ಇಳಿಜಾರಿಗೆ ಇಳಿಯುತ್ತಿದ್ದ ಕಾಡುಕುರಿಗಳು ಬರಲಿಲ್ಲ. ಅವನ್ನು ನಂಬಿದ್ದ ತೋಳ ದೊಡ್ಡಿಗೆ ಬಂತು. ಮೂರು ಚಮರಿ ತೋಳದ ಪಾಲಾದವು, ಮೂರು ಹಸಿವಿಗೆ ಬಿದ್ದವು. ಭಾವ ಕೋವಿ ಹಿಡಿದು ಹೋಗಿ ತೋಳವನ್ನು ಹೊಡೆದರು. ಚರ್ಮ ಸುಲಿಯಲು ಕೂತವರು ಸುಲಿಯದೆ ಎದ್ದುಬಂದರು. "ಅದರ ಪಕ್ಕೆಲುಬೂ ನಮ್ಮ ದನದ ಹಾಗೇ ಎಣಿಸಬಹುದು ಕಣೆ" ಎಂದರಂತೆ.

ಏಪ್ರಿಲ್‌ನಲ್ಲಿ ಅಕ್ಕ ಉಳಿದಿದ್ದ ಒಂದೇ ಕಡಸನ್ನು ಹಿಡಿದುಕೊಂಡು ತವರಿಗೆ ನಡೆದಳು. ಹೊರಡುವಾಗ ಹೇಳಿದ್ದು ಇಷ್ಟೇ: "ಆ ಇಳಿಜಾರಲ್ಲಿ ಇದು ಮೇಯೋ ದಿನ ಬಂದ್ರೆ ಹೇಳಿ, ಬರ್ತೀನಿ." ತೆರೆಸ್ಕೆನ್ ಬೆಳೆಯಲು ಇಪ್ಪತ್ತು ವರ್ಷ ಬೇಕೆಂದು ಊರಿಗೆಲ್ಲ ಗೊತ್ತು. ಹಿರಿಯರು ಬಂದು ಹೇಳಿದರು, ಅಮ್ಮ ಬೈದಳು. ಅಕ್ಕ ಜಗ್ಗಲಿಲ್ಲ.

ಭಾವ ಬೇರು ಕೀಳುವುದು ಬಿಟ್ಟರು. ಇಳಿಜಾರಿನ ಸುತ್ತ ಎದೆಮಟ್ಟ ಕಲ್ಲುಗೋಡೆ ಕಟ್ಟಿದರು. ಎರಡು ದಿನದ ದಾರಿಯ ಕಣಿವೆಯಿಂದ ತೆರೆಸ್ಕೆನ್‌ನ ಹತ್ತಿಯಂಥ ಬೀಜ ಆಯ್ದು ತಂದು ಹಿಮ ಬೀಳುವ ಮೊದಲು ಬಿತ್ತಿದರು. ಮೊದಲ ವರ್ಷದ್ದನ್ನು ಗಾಳಿ ಒಯ್ದಿತು, ಎರಡನೆಯ ವರ್ಷದ ಮೊಳಕೆ ಒಣಗಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಎಂದು ಜನ ನಕ್ಕರು. ಮೂರನೆಯ ವರ್ಷ ಒಂದಿಷ್ಟು ನಿಂತವು.

ಪ್ರತಿ ವಸಂತದಲ್ಲಿ ನೌರೂಜ್ ಹಬ್ಬಕ್ಕೆ ಭಾವ ನಮ್ಮ ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದರು.

"ಒಂದು ಬೆರಳಷ್ಟಾಗಿದೆ."

"ಬೆರಳುದ್ದವೋ ಅಗಲವೋ ಭಾವ?"

"ಅಗಲ, ಟೀಚರಮ್ಮ."

ಅಕ್ಕ ಚಹಾ ಬಗ್ಗಿಸುತ್ತಿದ್ದಳು, ಬಟ್ಟಲ ತುಂಬ. ನಮ್ಮಲ್ಲಿ ತುಂಬಿದ ಬಟ್ಟಲೆಂದರೆ ಕುಡಿದು ಹೊರಡು ಅಂತ. ಕೂರಲಿ ಅನ್ನುವವರಿಗೆ ಅರ್ಧರ್ಧ ಬಗ್ಗಿಸುತ್ತಾರೆ. ಆರನೆಯ ವರ್ಷ ಅರ್ಧ ಬಗ್ಗಿಸಿದಳು. ಭಾವ ಅದನ್ನು ಗುಟುಕು ಗುಟುಕಾಗಿ ಸಂಜೆಯವರೆಗೂ ಕುಡಿದರು.

ಒಂಬತ್ತನೆಯ ವರ್ಷ ಬಂದು ಹೊಸ್ತಿಲಲ್ಲೇ ನಿಂತರು. "ಒಂದು ಗೇಣು ಬಂದಿದೆ. ಬಾ, ನೋಡು."

ಕಡಸು ಅಷ್ಟರಲ್ಲಿ ಮೂರು ಕರುಗಳ ತಾಯಿ. ಅಕ್ಕ ಅದನ್ನು ಹಿಡಿದುಕೊಂಡು ಹೊರಟಳು, ನಾನೂ ಹೋದೆ. ಗೋಡೆಯೊಳಗೆ ಅಲ್ಲೊಂದು ಇಲ್ಲೊಂದು ಬೂದು ಪೊದೆ, ಗೋಡೆ ಹಾರಿ ಬಂದ ಕಾಡುಕುರಿಯ ಹಿಕ್ಕೆ. ಭಾವ ತಾವೇ ಕಲ್ಲು ಸರಿಸಿ ದಾರಿ ಬಿಟ್ಟರು. ಚಮರಿ ಒಳಗೆ ಹೋಯಿತು, ಮೂಸಿತು, ಒಂದು ಕುಡಿ ಹರಿಯಿತು. ಎರಡನೆಯದಕ್ಕೆ ಬಾಯಿ ಹಾಕುವಷ್ಟರಲ್ಲಿ ಅಕ್ಕ ಮೂಗುದಾರ ಹಿಡಿದು ಹೊರಗೆಳೆದಳು. ತಾನೇ ಕಲ್ಲು ಮುಚ್ಚಿದಳು.

ಭಾವನ ಮುಖ ಪೆಚ್ಚಾಯಿತು. "ಹಾಗಾದ್ರೆ... ಇನ್ನೂ ಬರಲ್ವಾ ನೀನು?"

"ಇದನ್ನ ದನದ ಬಾಯಿಂದ ಇನ್ನೂ ಹತ್ತು ವರ್ಷ ಕಾಯಬೇಕು," ಎಂದಳು ಅಕ್ಕ. "ನಿಮ್ಮೊಬ್ಬರನ್ನೇ ನಂಬಿ ಬಿಟ್ಟುಹೋಗ್ಲಾ?"

ಚಮರಿಯನ್ನು ಎಳೆದುಕೊಂಡು ತಮ್ಮ ಹಳೆಯ ದೊಡ್ಡಿಯ ಕಡೆಗೆ ಇಳಿದಳು.