ಲಿವರ್‌ಮೋರಿನಾಚೆಯ ಮನೆ, ವಿಮಲಕ್ಕನ ಪ್ರಶ್ನೆ

ವಿಮಲಕ್ಕ ಬೆಂಡೆಕಾಯಿಯ ತುದಿ ಮುರಿದು ನೋಡಿ, ಮುರಿದದ್ದನ್ನು ಮತ್ತೆ ಅದೇ ರಾಶಿಗೆ ಹಾಕುವ ಗಿರಾಕಿ. ಅಂಗಡಿಯವನ ಲೆಕ್ಕದಲ್ಲಿ ಲಾಭ ಕಮ್ಮಿ, ಸವಕಳಿ ಜಾಸ್ತಿ. ಆದರೆ ಅವರು ಕೊಟ್ಟ ಮಾತು ಹಿಂತಿರುಗಿ ಬರುವ ಮಾಲಲ್ಲ.

ಉಡುಪಿ ಕಡೆಯವರು. ಕಡಲು ದಾಟಿ ಬಂದು, ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನೇಳು ವರ್ಷ ರಕ್ತಪರೀಕ್ಷೆ ಮಾಡಿ ದುಡ್ಡು ಕೂಡಿಟ್ಟಿದ್ದರು. ಫ್ರೀಮಾಂಟಿನ ನನ್ನ ಗ್ರೋಸರಿಯಲ್ಲಿ ತಕ್ಕಡಿಯ ಮೇಲೆ ರಿಯಲ್ ಎಸ್ಟೇಟ್ ಲೈಸೆನ್ಸು ತೂಗುಹಾಕಿದ್ದೆ. ೧೯೮೫ರಲ್ಲಿ ಒಂದು ದಿನ ಅದನ್ನು ನೋಡಿ, "ಶೇಷಾದ್ರಿಯವರೇ, ಜಾಗ ಉಂಟಾ?" ಅಂದರು.

"ಕಾಂಡೋ ಫ್ಲಾಟ್ ಇದೆ. ಸ್ಟೇಷನ್ನಿಗೆ ಹತ್ತಿರ."

"ಗೋಡೆ ಬೇಡ ಮಾರಾಯ್ರೇ, ಜಾಗ. ನಮ್ಮಲ್ಲಿ ಜಾಗ ಹೆಣ್ಣಿನ ಕಡೆಯಿಂದ ಬರುವುದು. ನನ್ನ ಸರದಿ ಬರುವಷ್ಟರಲ್ಲಿ ಸೋದರಮಾವ ಮಾರಿ ಆಗಿತ್ತು."

ಲಿವರ್‌ಮೋರಿನಾಚೆ ಬೆಟ್ಟದಲ್ಲಿ ವಾಲ್ಟರ್ ಎಂಬ ಮುದುಕನ ಜಾಗ ಮಾರಾಟಕ್ಕಿತ್ತು. ಅವನಜ್ಜ ನೂರು ವರ್ಷದ ಹಿಂದೆ ಕಟ್ಟಿದ ಮರದ ಮನೆ, ಜಿಂಕೆ ಕಾಡುಹಂದಿ ಬೇಟೆಗೆ ನೂರಿಪ್ಪತ್ತು ಎಕರೆ. ವಿಮಲಕ್ಕ ಜಗಲಿಯ ಕಂಬ ಸವರಿದರು, ಬಾಗಿಲ ಚಿಲಕವನ್ನು ಎರಡು ಸಲ ಹಾಕಿ ತೆಗೆದರು. ಏನನ್ನೂ ಮುರಿದು ನೋಡಲಿಲ್ಲ. ಮನಸ್ಸಾಯಿತು ಅಂದುಕೊಂಡೆ.

"ಬೇಲಿಯೇ ಗಡಿ, ವಿಮಲಕ್ಕ. ಸರ್ವೆ ಮಾಡಿಸೋದು ದಂಡ. ಮುಂದಿನ ವಾರ ಸಹಿ ಹಾಕಿಬಿಡಿ."

ಆದರೆ ತುಳುನಾಡಿನಲ್ಲಿ ಜಾಗದ ಜೊತೆಗೆ ಅದನ್ನು ಕಾಯುವ ಭೂತವೂ ಬರುತ್ತದೆ. ಕೊಂಡವರು ವರ್ಷ ವರ್ಷ ಅದಕ್ಕೆ ಕಾಣಿಕೆ ಕೊಟ್ಟು ನಡೆದುಕೊಳ್ಳಬೇಕು. ಅಷ್ಟನ್ನೂ ವಿಮಲಕ್ಕ ತಮ್ಮ ಇಂಗ್ಲಿಷಿನಲ್ಲಿ ಚಿಕ್ಕದು ಮಾಡಿ ವಾಲ್ಟರನನ್ನು ಕೇಳಿದರು: "ಇಲ್ಲಿ ಮೊದಲಿನಿಂದ ಇರುವವರು ಯಾರು? ವರ್ಷಕ್ಕೆ ಅವರಿಗೆ ಏನು ಕೊಡುತ್ತೀರಿ?"

ನಾನು ಕಾರಿನ ಕೀ ಕುಲುಕಿದೆ. ವಾಲ್ಟರ್ ಟೊಪ್ಪಿ ತೆಗೆದ. ಮನೆಯ ಹಿಂದೆ ಓಕ್ ಮರದಡಿ ಕರೆದುಕೊಂಡು ಹೋಗಿ ಹುಲ್ಲು ಸರಿಸಿ ಎರಡು ಗೋರಿಕಲ್ಲು ತೋರಿಸಿದ. ಒಂದು ಅವನಜ್ಜಿಯದು, ಇನ್ನೊಂದು ಅವಳ ಹಸುಗೂಸಿನದು.

ಕಣ್ಣಾರೆ ಕಂಡ ಗೋರಿಯನ್ನು ಕಾಗದದಲ್ಲಿ ಕಾಣಿಸದೆ ವಿಧಿಯಿರಲಿಲ್ಲ. ಗೋರಿಯಷ್ಟು ತುಂಡು ಬಿಟ್ಟು ಉಳಿದದ್ದನ್ನು ಅಳೆಸಿ ಅಂದರು ಕಾಗದ ನೋಡಿದ ವಕೀಲರು. ಸರ್ವೆಯವನಿಗಾಗಿ ಎರಡು ತಿಂಗಳು ಕಾದದ್ದಾಯಿತು. ಮಳೆಯೆಂದು ಮತ್ತೊಂದು ತಿಂಗಳು. ಪ್ರತಿ ಶನಿವಾರ ವಿಮಲಕ್ಕ ತರಕಾರಿಗೆ ಬಂದಾಗ ನಾನು ರೇಗುವುದೇ ಆಯಿತು.

"ನಿಮ್ಮ ಭೂತಕ್ಕೆ ವೀಸಾ ಕೊಟ್ಟವರು ಯಾರು, ವಿಮಲಕ್ಕ?"

"ಅದು ನನ್ನದಲ್ಲ, ಇಲ್ಲಿಯದೇ," ಎಂದು ಇನ್ನೊಂದು ಬೆಂಡೆಕಾಯಿ ಮುರಿದರು.

ನಾಲ್ಕನೆಯ ತಿಂಗಳು ನಕ್ಷೆ ಬಂತು. ವಾಲ್ಟರನ ಅಜ್ಜ ಬೇಲಿಯನ್ನು ತನ್ನ ಗಡಿ ದಾಟಿಸಿ, ಆಚೆಯ ತೊರೆಯವರೆಗೆ ಜರುಗಿಸಿ ಹಾಕಿದ್ದ. ಮನೆ, ಬಾವಿ, ಗೋರಿಗಳು ಎಲ್ಲವೂ ಪಕ್ಕದವನ ಜಾಗದಲ್ಲಿದ್ದವು. ಪಕ್ಕದವನು ಮಾರಲು ಒಪ್ಪಲಿಲ್ಲ. ಮಾರಾಟಕ್ಕೆ ಉಳಿದದ್ದು ಹಂದಿ ಓಡಾಡುವ ಬೋಳುಗುಡ್ಡ, ಹನಿ ನೀರಿಲ್ಲ.

ವಿಮಲಕ್ಕ ನಕ್ಷೆಯನ್ನು ಮಡಿಸಿ ತಕ್ಕಡಿಯ ಮೇಲಿಟ್ಟರು.

"ಆ ಚಿಲಕ ಎಷ್ಟು ಗಟ್ಟಿ ಇತ್ತು, ಶೇಷಾದ್ರಿಯವರೇ," ಅಂದರು. ಅಂದು ಬೆಂಡೆಕಾಯಿ ಕೊಳ್ಳದೆಯೇ ಹೋದರು.

ಆಮೇಲೆ ಅವರು ನನ್ನ ಬಳಿ ಜಾಗ ಕೇಳಿಲ್ಲ. ಸರ್ವೆ ಬೇಡ ಎಂದವನು ನಾನು. ನನ್ನ ಮಾತಿಗೆ ಸಹಿ ಹಾಕಿದ್ದರೆ ಅವರ ಹದಿನೇಳು ವರ್ಷವೂ ಆ ಬೋಳುಗುಡ್ಡಕ್ಕೆ ಹೋಗುತ್ತಿತ್ತು. ನಾನು ವಿಮಲಕ್ಕನ ಕ್ಷಮೆ ಕೇಳಬೇಕು. ಇನ್ನೂ ಕೇಳಿಲ್ಲ.